ಕತ್ತರಿಸದ ಒಂದು ದಿನ ಕೊಡಿ: ದೂರದರ್ಶನದವರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಪ್ರಸಾರ ಭಾರತಿಯ ಅಧಿಕಾರಿಗಳಿಗೆ, ಬೆಂಗಳೂರು ದೂರದರ್ಶನ ಕೇಂದ್ರದವರಿಗೆ, ಜೊತೆಗೆ ಮನೆಯ ಅಟ್ಟದಲ್ಲಿ ಹಳೇ ವಿಡಿಯೋ ಕ್ಯಾಸೆಟ್ ಇಟ್ಟುಕೊಂಡಿರುವ ಉಡುಪಿ, ಮಂಗಳೂರು ಕಡೆಯ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಕನ್ನಡ ದೂರದರ್ಶನದ ಮೊದಲ ವರ್ಷಗಳ, ಅಂದರೆ 80ರ ದಶಕದ ಅಥವಾ 90ರ ಶುರುವಿನ, ಯಾವುದಾದರೂ ಒಂದು ದಿನದ ಪ್ರಸಾರವನ್ನು ಹುಡುಕಿ ಕೊಡಿ. ಶುರುವಿನಿಂದ ಕೊನೆಯವರೆಗೆ, ಒಂದು ನಿಮಿಷವೂ ಕತ್ತರಿಸದೆ, ಅವತ್ತು ಬಂದ ಕ್ರಮದಲ್ಲೇ ಜನರ ಮುಂದೆ ಇಡಿ. ಒಳ್ಳೆಯ ನಾಟಕ, ಒಳ್ಳೆಯ ಸಂದರ್ಶನ ಅಂತ ಆರಿಸಿದ್ದು ಅಲ್ಲ. ಇಡೀ ದಿನ. ಉದ್ಘೋಷಕಿಯ ಮಾತು, ವಾರ್ತೆ, ಕೃಷಿ, ಕಾಣೆಯಾದವರ ಪ್ರಕಟಣೆ, ನಡುವೆ ಬರೀ ಸಂಗೀತ ಹಾಕಿ ತುಂಬಿಸಿದ ಖಾಲಿ ಹೊತ್ತು, ಎಲ್ಲವೂ.

ಯಾಕೆ ಅಂತ ಹೇಳಬೇಕಲ್ವಾ.

ನಾನು ಉಡುಪಿಯವನು. ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವುದು ನನ್ನ ಕೆಲಸ. ಜಾಸ್ತಿ ಬರುವುದು ಮದುವೆ ಕ್ಯಾಸೆಟ್. ಜೊತೆಗೆ ಉಪನಯನ, ಮನೆ ಒಕ್ಕಲು, ಭೂತದ ನೇಮ, ಯಕ್ಷಗಾನ ಮೇಳದ ಆಟ, ದುಬೈಗೋ ಮುಂಬೈಗೋ ಹೋದವರು ರಜೆಗೆ ಬಂದಾಗ ತೆಗೆದ ಮನೆಯ ವಿಡಿಯೋ. ಮದುವೆ ಮುಗಿಯಿತು ಅಂತ ನಾನು ಕ್ಯಾಸೆಟ್ ನಿಲ್ಲಿಸುವುದಿಲ್ಲ, ಪೂರ್ತಿ ಓಡಿಸುತ್ತೇನೆ. ಆಗ ಖಾಲಿ ಕ್ಯಾಸೆಟ್ ಸಸ್ತಾ ಆಗಿರಲಿಲ್ಲ. ಟಿವಿಯಿಂದ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಮೇಲೆಯೇ ಕೆಲವರು ಮದುವೆಯ ಕಾಪಿ ಹೊಡೆಸುತ್ತಿದ್ದರು. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಮದುವೆ ಎರಡು ಗಂಟೆಗೆ ಮುಗಿದರೆ, ಉಳಿದ ಒಂದು ಗಂಟೆಯಲ್ಲಿ ಮೊದಲು ಇದ್ದದ್ದು ಹಾಗೇ ಇರುತ್ತದೆ.

ಈಚೆಗೆ ಕಾಪು ಕಡೆಯ ಒಂದು ಮನೆಯ ಕ್ಯಾಸೆಟ್‌ನಲ್ಲಿ ಅಂಥದೊಂದು ತುಂಡು ಸಿಕ್ಕಿತು. ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ ಚಿತ್ರ ಅಡ್ಡಡ್ಡ ಸೀಳಿ, ಸ್ವಲ್ಪ ಹೊತ್ತು ಬರೀ ಚುಕ್ಕಿ ಚುಕ್ಕಿ ಬಂತು. ಆಮೇಲೆ ದೂರದರ್ಶನ. ಕನ್ನಡ ವಾರ್ತೆಯ ಕೊನೆ. ಓದುವವರು ಕಾಗದದಿಂದ ತಲೆಯೆತ್ತಿ ನಮಸ್ಕಾರ ಹೇಳಿದರು, ಕಾಗದಗಳನ್ನು ಮೇಜಿಗೆ ತಟ್ಟಿ ಸರಿಮಾಡಿದರು. ಮತ್ತೆ ಒಂದು ಹೂವಿನ ಚಿತ್ರ, ಹಿನ್ನೆಲೆಯಲ್ಲಿ ವೀಣೆ. ಅದು ತುಂಬ ಹೊತ್ತು ಇತ್ತು, ಯಾರೂ ಬರಲಿಲ್ಲ. ಆಮೇಲೆ ರೇಷ್ಮೆ ಸೀರೆಯ ಉದ್ಘೋಷಕಿ ಬಂದು ಮುಂದಿನ ಕಾರ್ಯಕ್ರಮದ ಹೆಸರು ಹೇಳಿದರು. ಹೇಳಿ ಮುಗಿದರೂ ಕ್ಯಾಮೆರಾ ಅವರ ಮೇಲೇ ನಿಂತಿತ್ತು. ಅವರು ನಗುಮುಖ ಹಾಗೇ ಹಿಡಿದುಕೊಂಡು ಕೂತರು. ಒಂದು ಸಲ ಕಣ್ಣು ಪಕ್ಕಕ್ಕೆ ಹೋಗಿ ವಾಪಸ್ ಬಂತು. ಅಷ್ಟರಲ್ಲಿ ಕ್ಯಾಸೆಟ್ ಮುಗಿಯಿತು.

ಇಷ್ಟರಲ್ಲಿ ಕಾರ್ಯಕ್ರಮ ಅಂತ ಹೇಳುವಂಥದ್ದು ಒಂದೂ ಇಲ್ಲ. ಆದರೆ ಆ ಮನೆಯವರಿಗೆ ಫೋನ್ ಮಾಡಿ ವಿಷಯ ಹೇಳಿದಾಗ, ಆ ಮನೆಯ ಅಮ್ಮ ಮದುವೆಯ ವಿಡಿಯೋ ಆಮೇಲೆ ಕೊಟ್ಟರೂ ಆದೀತು, ಅದನ್ನು ಮೊದಲು ಕಳಿಸಿ ಅಂದರು. ನೋಡಿದ ಮೇಲೆ ಅವರು ಹೇಳಿದ್ದು ಕಾರ್ಯಕ್ರಮದ ಬಗ್ಗೆ ಅಲ್ಲವೇ ಅಲ್ಲ. ಆ ವೀಣೆ ಬರುವಾಗ ತಾವು ಎದ್ದು ಹೋಗಿ ಗಂಜಿಗೆ ಇಟ್ಟು ಬರುತ್ತಿದ್ದದ್ದು, ವಾರ್ತೆ ಮುಗಿದ ಕೂಡಲೇ ನೆರೆಮನೆಯ ಮಕ್ಕಳು ಚಾವಡಿಯಲ್ಲಿ ಚಾಪೆ ಹಾಸಿ ಸೇರುತ್ತಿದ್ದದ್ದು, ಯಾರೋ ಒಬ್ಬರು ಮಾತ್ರ ಒಳಗೆ ಬರದೆ ಕಿಟಕಿಯ ಹೊರಗೆ ನಿಂತೇ ನೋಡುತ್ತಿದ್ದದ್ದು. ಯಾರು ಒಳಗೆ ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ ಅನ್ನುವ ಮಾತು ಅವರ ಬಾಯಿಂದ ತಾನಾಗಿ ಬಂತು. ಧಾರಾವಾಹಿಯ ಒಂದು ಕಂತು ತೋರಿಸಿ ಕೇಳಿದ್ದರೆ ಅವರು ಕಥೆ ಹೇಳುತ್ತಿದ್ದರು, ಅಷ್ಟೆ.

ನಾನು ಇಡೀ ದಿನ ಬೇಕು ಅನ್ನುವುದು ಇದಕ್ಕೇ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಗೊತ್ತು, ಶುರುವಿಗೆ ಚೆಂಡೆಯಲ್ಲಿ ಕೇಳಿ ಬಡಿದಲ್ಲಿಂದ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಬಂದು ಹೋಗಿ, ಪ್ರಸಂಗ ಹಿಡಿದು, ನಡುರಾತ್ರಿ ಅರ್ಧ ಸಭೆ ನಿದ್ದೆ ಹೋಗಿ, ಚೆಂಡೆಯ ಪೆಟ್ಟಿಗೆ ಎದ್ದು ಕೂತು, ಬೆಳಿಗ್ಗೆ ಮಂಗಳ ಆಗುವವರೆಗೆ ಇರುವುದೇ ಆಟ. ಮಹಿಷಾಸುರನ ಪ್ರವೇಶ ಒಂದನ್ನೇ ಮೊಬೈಲಿನಲ್ಲಿ ನೋಡಿ ಆಟ ನೋಡಿದೆ ಅಂದರೆ ಯಾರೂ ಒಪ್ಪುವುದಿಲ್ಲ. ಟಿವಿಗೂ ಹಾಗೊಂದು ಇಡೀ ರಾತ್ರಿ ಇತ್ತು. ಅದು ದಾಖಲಾಗಿಯೇ ಇಲ್ಲ, ಅಥವಾ ಆಗಿದ್ದರೂ ಯಾರಿಗೂ ಕಾಣುವುದಿಲ್ಲ.

ಆ ಕಾಲದಲ್ಲಿ ಪ್ರಸಾರ ಸಂಜೆಯ ವಿಷಯವಾಗಿತ್ತು ಅನ್ನುವುದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ದೂರದರ್ಶನ ದಿನಾ ಬೆಳಗಿನ ಪ್ರಸಾರ ಶುರು ಮಾಡಿದ್ದೇ 1987ರಲ್ಲಿ. ಅದಕ್ಕೆ ಮೊದಲು, ಭಾನುವಾರದಂಥ ದಿನ ಬಿಟ್ಟರೆ, ಹೆಚ್ಚಾಗಿ ಸಂಜೆವರೆಗೆ ಟಿವಿ ಅಂದರೆ ಮುಚ್ಚಿದ ಪೆಟ್ಟಿಗೆ. ನಿಜಕ್ಕೂ ಮುಚ್ಚಿದ್ದೇ, ಮರದ ಶಟರ್ ಎಳೆದು, ಮೇಲೆ ಕಸೂತಿ ಬಟ್ಟೆ ಹಾಕಿ ಇಡುತ್ತಿದ್ದರು. ಡಯನೋರಾ, ಸಾಲಿಡೇರ್, ಕೆಲ್ಟ್ರಾನ್, ಈ ಹೆಸರುಗಳು ಆ ಕಾಲದ ಯಾರಿಗೂ ಮರೆತಿರಲಿಕ್ಕಿಲ್ಲ. ಶಟರ್ ತೆಗೆದು, ಸ್ಟೆಬಿಲೈಸರ್ ಹಾಕಿ, ಮುಳ್ಳು ಮೇಲೇರುವುದನ್ನು ಕಾದು, ಆಮೇಲೆ ಟಿವಿ ಸ್ವಿಚ್. ಪಂಡಿತ್ ರವಿಶಂಕರ್ ಹೆಸರಿನ ಜೊತೆ ಸೇರಿಕೊಂಡಿರುವ ಆ ಶೆಹನಾಯಿ ರಾಗ, ಸುತ್ತಿ ಸುತ್ತಿ ಬಂದು ಕಣ್ಣಿನ ಆಕಾರವಾಗುವ ಗುರುತು. ಅಲ್ಲಿಂದ ಸಂಜೆ ಶುರು.

ನಮ್ಮ ಕರಾವಳಿಯಲ್ಲಿ ಅದಕ್ಕೂ ಮೊದಲು ಇನ್ನೊಂದು ಕೆಲಸ ಇತ್ತು, ಆಂಟೆನಾ. ಉಪ್ಪುಗಾಳಿಗೆ ನಟ್ಟು ಬೋಲ್ಟು ತುಕ್ಕು ಹಿಡಿದು, ಚಪ್ಪಟೆ ವಯರಿನ ಒಳಗಿನ ತಾಮ್ರ ಹಸಿರಾಗಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಮಸುಕಾಗಿರುತ್ತಿತ್ತು. ಒಬ್ಬರು ಹಂಚಿನ ಮಾಡಿನ ಮೇಲೆ ಪೈಪು ತಿರುಗಿಸುವುದು, ಇನ್ನೊಬ್ಬರು ಅಂಗಳದಲ್ಲಿ, ಮತ್ತೊಬ್ಬರು ಟಿವಿ ಮುಂದೆ. "ಬತ್ತ್ಂಡಾ?" "ಇಜ್ಜಿ!" ತುಳುವಿನಲ್ಲಿ ಬಂತಾ, ಇಲ್ಲ ಅಂತ. ಮತ್ತೆ ಸ್ವಲ್ಪ ತಿರುಗಿಸುವುದು. ಏಪ್ರಿಲ್, ಮೇಯಲ್ಲಿ ಗುಡುಗು ಕೇಳಿದ ತಕ್ಷಣ ಎಂಥ ಕಾರ್ಯಕ್ರಮ ಇದ್ದರೂ ವಯರು ಕಿತ್ತು ಹೊರಗೆ ಹಾಕುವುದು. ಬೇಸಿಗೆಯ ಕೆಲವು ರಾತ್ರಿ ಸಮುದ್ರದ ಮೇಲೆ ತಂಪು ಗಾಳಿ ಕೆಳಗೆ, ಬಿಸಿ ಗಾಳಿ ಮೇಲೆ ನಿಂತಾಗ ಟಿವಿಯ ಅಲೆಗಳು ಆ ಪದರದೊಳಗೆ ಸಿಕ್ಕಿ ಬಾಗಿ ನೂರಾರು ಕಿಲೋಮೀಟರ್ ಹೋಗುತ್ತವೆ. ಹಾಗಾಗಿ ಕಡಲ ಬದಿಯವರಿಗೆ ಒಮ್ಮೊಮ್ಮೆ ಎಲ್ಲಿಯದೋ ದೂರದ ಕೇಂದ್ರ ಕಾಣುತ್ತಿತ್ತು. ಅರಬ್ಬಿ ಅಕ್ಷರ ಬಂದಿತ್ತು ಅಂತ ಮಲ್ಪೆ, ಉಳ್ಳಾಲದ ಕಡೆಯ ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಆದರೆ ಕನ್ನಡ? ಇಲ್ಲೇ ನನ್ನ ಮುಖ್ಯ ಮಾತು ಇರುವುದು.

ಕನ್ನಡ ಟಿವಿಯ ಕಥೆಯನ್ನು ಬೆಂಗಳೂರಿನಿಂದ ಶುರು ಮಾಡುವುದು ಎಲ್ಲರಿಗೂ ರೂಢಿ. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಿಂದ ಒಂದು ವರ್ಷ, ಸೈಟ್ ಅನ್ನುವ ಪ್ರಯೋಗ ನಡೆಯಿತು. ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಟಿವಿ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿ ಬಲೆಯಂಥ ತಂತಿಯ ಜಾಲರಿಯಿಂದ ಮಾಡಿದ ಸುಮಾರು ಮೂರು ಮೀಟರ್ ಅಗಲದ ಬುಟ್ಟಿ ಆಂಟೆನಾ, ಪಂಚಾಯ್ತಿ ಕಟ್ಟೆಯಲ್ಲೋ ಶಾಲೆಯಲ್ಲೋ ಒಂದು ಸೆಟ್ಟು, ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಂಗಳೂರಿನ ಶ್ರೀಮಂತರ ಮನೆಯಲ್ಲೂ ಟಿವಿ ಇಲ್ಲದಾಗ ರಾಯಚೂರಿನ ಹಳ್ಳಿಯ ಕೂಲಿಯವರು ಕನ್ನಡ ಟಿವಿ ನೋಡಿದ್ದರು. ಅದು ಎಷ್ಟು ಹೆಮ್ಮೆಯ ವಿಷಯ! ಆ ಸಂಜೆಗಳ ಒಂದು ಪೂರ್ತಿ ದಿನ ನಿಮ್ಮಲ್ಲಿ ಸಿಕ್ಕರೆ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕರಾವಳಿಯ ಕಥೆಯೇ ಬೇರೆ. ನಮ್ಮಲ್ಲಿಗೆ ಟಿವಿ ಬಂದದ್ದು 80ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಸಣ್ಣ ಮರುಪ್ರಸಾರ ಕೇಂದ್ರಗಳನ್ನು ಹಾಕುತ್ತಾ ಹೋದಾಗ. ಆ ಸಣ್ಣ ಕೇಂದ್ರಗಳದ್ದು 100 ವಾಟಿನ ಟ್ರಾನ್ಸ್‌ಮಿಟರ್. ಇನ್ಸಾಟ್-1ಬಿ ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮ ಹಿಡಿದು ಸುತ್ತಲಿನ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗೆ ಕೊಡುವುದು ಅವುಗಳ ಕೆಲಸ. ಬೆಂಗಳೂರಿನ ಕಾರ್ಯಕ್ರಮ ಘಟ್ಟ ಇಳಿದು ಬರಬೇಕಾದರೆ ಬೇರೆ ದಾರಿ ಬೇಕಿತ್ತು, ಅದು ಆಮೇಲೆ ಬಂತು. ಹಾಗಾಗಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ಮೊದಲು ಮಾತಾಡಿದ್ದು ಹಿಂದಿ, ಇಂಗ್ಲಿಷು. ತುಳು ಬಿಟ್ಟು ಬೇರೆ ಮಾತು ಬಾರದ ಅಜ್ಜಿಯಂದಿರು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಹಿಂದಿ ರಾಮಾಯಣದ ಮುಂದೆ ಕೈಮುಗಿದು ಕೂತರು. ಮಾತು ತಿಳಿಯದಿದ್ದರೂ ಕಥೆ ಅವರಿಗೆ ಬಾಯಿಪಾಠ ಇತ್ತು, ತಾಳಮದ್ದಳೆ ಕೇಳಿ ಬೆಳೆದವರು. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾ ಹಾಕುತ್ತಿದ್ದರು, ಭಾಷೆಗಳ ಸರದಿ ಪ್ರಕಾರ. ಕನ್ನಡದ ಸರದಿ ಯಾವಾಗ ಅಂತ ಕಾದು ಕೂತವರು ನಾವು.

ಆಮೇಲೆ ಕನ್ನಡ ಬಂತು. ವಾರ್ತೆ ಬಂತು, ಚಿತ್ರಮಂಜರಿ ಬಂತು, ಧಾರಾವಾಹಿ ಬಂತು. ಆ ಸಂತೋಷ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಚಿತ್ರಮಂಜರಿ ಬರುವ ಹೊತ್ತಿಗೆ ಕರೆಂಟು ಹೋದರೆ ಇಡೀ ಕೇರಿಯೇ ಬೇಜಾರು ಮಾಡಿಕೊಳ್ಳುತ್ತಿತ್ತು. ಆದರೆ ಆ ಕನ್ನಡ ಸಂಜೆಯಲ್ಲಿ ನಾವು ಎಲ್ಲಿದ್ದೆವು? ಕೃಷಿ ಕಾರ್ಯಕ್ರಮದಲ್ಲಿ ರಾಗಿ, ರೇಷ್ಮೆ ಬಂದಷ್ಟು ಅಡಿಕೆಯ ಕೊಳೆರೋಗ ಬಂದ ನೆನಪು ನನಗಿಲ್ಲ. ನಮ್ಮ ತೋಟದವರು ಜೂನ್‌ನಲ್ಲಿ ಬೋರ್ಡೋ ದ್ರಾವಣಕ್ಕೆ ಸುಣ್ಣ, ಮೈಲುತುತ್ತ ಕಲಸುತ್ತಾ ಮಳೆ ಬಿಡುವುದನ್ನೇ ಕಾಯುತ್ತಿದ್ದರೆ, ಟಿವಿಯಲ್ಲಿ ಬಯಲುಸೀಮೆಯವರಿಗೆ ಮಳೆ ಯಾವಾಗ ಬಂದೀತು ಅನ್ನುವ ಮಾತು. ಮೀನುಗಾರಿಕೆ ಅಂದರೆ ಕೆರೆ ಮೀನು. ತುಳು, ಕೊಂಕಣಿ, ಬ್ಯಾರಿ ಮಾತು ಕೇಳಬೇಕಾದರೆ ರೇಡಿಯೋವೇ ಗತಿ. ಮಂಗಳೂರು ಆಕಾಶವಾಣಿ 1976ರಲ್ಲೇ ಶುರುವಾಗಿತ್ತು, ಬ್ರಹ್ಮಾವರದ ಟ್ರಾನ್ಸ್‌ಮಿಟರಿನಿಂದ ನಮ್ಮ ಮಾತು ನಮ್ಮ ಮನೆಗೆ ಬರುತ್ತಿತ್ತು. ಟಿವಿಯಲ್ಲಿ ಮಾತ್ರ ನಾವು ಬೇರೆಯವರ ಊರಿನ ಸಂಜೆ ನೋಡುತ್ತಿದ್ದೆವು.

ಇದು ನನ್ನ ನೆನಪು. ನೆನಪನ್ನು ಪೂರ್ತಿ ನಂಬುವ ಹಾಗಿಲ್ಲ, ಅದು ತನಗೆ ಬೇಕಾದ್ದನ್ನೇ ಇಟ್ಟುಕೊಳ್ಳುತ್ತದೆ. ಕರಾವಳಿಗೆ ಎಷ್ಟು ನಿಮಿಷ ಸಿಕ್ಕಿತ್ತು ಅಂತ ಲೆಕ್ಕ ಹಾಕಿ ನೋಡಬೇಕಾದರೆ ಇಡೀ ದಿನವೇ ಬೇಕು. ಆರಿಸಿ ಇಟ್ಟ ತುಣುಕುಗಳಲ್ಲಿ ಏನು ಇತ್ತು ಅನ್ನುವುದು ಮಾತ್ರ ಕಾಣುತ್ತದೆ. ಏನು ಇರಲಿಲ್ಲ, ಯಾರು ಇರಲಿಲ್ಲ ಅನ್ನುವುದು ಕಾಣಬೇಕಾದರೆ ಕತ್ತರಿಸದ ದಿನ ಬೇಕು. ಹೆಂಗಸರು ಎಷ್ಟು ಹೊತ್ತು ಮಾತಾಡಿದರು, ಯಾವ ಜಿಲ್ಲೆಯ ಹೆಸರು ವಾರ್ತೆಯಲ್ಲಿ ಬಂತು, ಯಾರ ಕನ್ನಡ ಕೇಳಿಸಿತು, ಯಾವ ಜಾಹೀರಾತು ಎಷ್ಟು ಸಲ ಬಂತು. ನಾಳೆ ಮಂಗಳೂರು ವಿಶ್ವವಿದ್ಯಾಲಯದಲ್ಲೋ ಮಣಿಪಾಲದಲ್ಲೋ ಓದುವ ಹುಡುಗಿಯೊಬ್ಬಳು ಇದನ್ನು ಎಣಿಸಿ ನನ್ನ ನೆನಪು ತಪ್ಪು ಅಂತ ತೋರಿಸಿದರೆ ನನಗೆ ಖುಷಿಯೇ.

ನಾವು ಕಾಣಿಸಿಕೊಂಡ ದಿನಗಳೂ ಇದ್ದವು. ಸದಾನಂದ ಸುವರ್ಣರ 'ಗುಡ್ಡದ ಭೂತ' ಧಾರಾವಾಹಿ ಬಂದಾಗ ನಮ್ಮ ಕಡೆ ಜನ ಹೇಗೆ ನೋಡಿದರು ಅಂತ ಆ ಕಾಲದ ಯಾರನ್ನು ಕೇಳಿದರೂ ಹೇಳುತ್ತಾರೆ. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗಿನ್ನೂ ಸಿನಿಮಾದಲ್ಲಿ ದೊಡ್ಡ ಹೆಸರಲ್ಲ. ನಮ್ಮದೇ ಮಣ್ಣಿನ ಹಾದಿ, ನಮ್ಮದೇ ಮನೆಯ ಕತ್ತಲೆ, ಭೂತದ ಬಗ್ಗೆ ನಮಗಿದ್ದ ಭಯ, ಎಲ್ಲ ಮೊದಲ ಸಲ ಪರದೆ ಮೇಲೆ. ಆ ಧಾರಾವಾಹಿಯನ್ನು ಈಗಲೂ ಹುಡುಕಿ ನೋಡುವವರಿದ್ದಾರೆ. ಆದರೆ ಅದು ಬಂದ ಸಂಜೆ ಅದಕ್ಕೆ ಮೊದಲು ಏನಿತ್ತು, ಆಮೇಲೆ ಏನಿತ್ತು? ಅದು ಮುಗಿದ ಕೂಡಲೇ ನಾವು ದೆಹಲಿಯ ಪ್ರಸಾರಕ್ಕೆ ಹೋದೆವಾ? ಹೊರಗೆ ಕತ್ತಲೆಗೆ ಕಾಲಿಡಲು ಹೆದರಿ ಮಕ್ಕಳೆಲ್ಲ ಮುಂದಿನ ಕಾರ್ಯಕ್ರಮವನ್ನೂ ನೋಡುತ್ತಾ ಕೂತಿದ್ದರಲ್ಲ, ಆ ಮುಂದಿನ ಕಾರ್ಯಕ್ರಮ ಯಾವುದು?

ಇಂಥ ಕೆಲಸ ಬೇರೆ ಕಡೆ ಆಗಿದೆ. ಅಮೆರಿಕದ ವಾಷಿಂಗ್ಟನ್ ನಗರದ ಡಬ್ಲ್ಯುಜೆಎಸ್‌ವಿ ಅನ್ನುವ ರೇಡಿಯೋ ಕೇಂದ್ರ 1939ರ ಸೆಪ್ಟೆಂಬರ್ 21ರಂದು ತನ್ನ ಇಡೀ ದಿನದ ಪ್ರಸಾರವನ್ನು, ಬೆಳಿಗ್ಗೆ ಬಾಗಿಲು ತೆರೆದಲ್ಲಿಂದ ನಡುರಾತ್ರಿ ಕಳೆಯುವವರೆಗೆ, ಡಿಸ್ಕ್‌ಗಳಲ್ಲಿ ರೆಕಾರ್ಡ್ ಮಾಡಿಸಿತು. ಅವು ಅಲ್ಲಿನ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿದವು. ಯುರೋಪಿನಲ್ಲಿ ಯುದ್ಧ ಶುರುವಾಗಿ ಮೂರು ವಾರ. ಅವತ್ತು ರೂಸ್‌ವೆಲ್ಟ್ ಸಂಸತ್ತಿನಲ್ಲಿ ಮಾತಾಡಿದ ಭಾಷಣ ಅದರಲ್ಲಿದೆ. ಅದರ ಆಚೆ ಈಚೆ ಸೋಪಿನ ಜಾಹೀರಾತು, ಗೃಹಿಣಿಯರ ಧಾರಾವಾಹಿ, ಬೇಸ್‌ಬಾಲ್ ಪಂದ್ಯ ಇದೆ. ಆ ಭಾಷಣ ಬೇರೆಲ್ಲಾದರೂ ಸಿಗುತ್ತಿತ್ತು. ಯುದ್ಧದ ಮಾತು ಕೇಳಿದ ಜನ ಅದೇ ದಿನ ಮತ್ತೇನು ಕೇಳುತ್ತಿದ್ದರು ಅನ್ನುವುದು ಅಲ್ಲಿ ಮಾತ್ರ ಸಿಗುತ್ತದೆ. ಎಂಬತ್ತು ವರ್ಷ ಕಳೆದ ಮೇಲೂ ಜನ ಅದನ್ನು ಕೂತು ಕೇಳುತ್ತಾರೆ.

ಟೇಪ್ ಉಳಿದಿಲ್ಲ ಅಂತ ನೀವು ಹೇಳಬಹುದು. ಆ ಕಾಲದಲ್ಲಿ ಎಷ್ಟೋ ಕಾರ್ಯಕ್ರಮ ಸ್ಟುಡಿಯೋದಿಂದ ನೇರ ಹೋಗುತ್ತಿತ್ತು, ರೆಕಾರ್ಡೇ ಆಗುತ್ತಿರಲಿಲ್ಲ. ರೆಕಾರ್ಡ್ ಆದ ಟೇಪನ್ನೂ ಅಳಿಸಿ ಮತ್ತೆ ಬಳಸುವುದು ಜಗತ್ತಿನ ಎಷ್ಟೋ ಟಿವಿ ಕೇಂದ್ರಗಳ ಪದ್ಧತಿಯಾಗಿತ್ತು, ಟೇಪ್ ಅಷ್ಟು ದುಬಾರಿ. ಬಿಬಿಸಿ ಅಂಥ ಬಿಬಿಸಿಯೇ ತನ್ನ ಹೆಸರಾಂತ ಧಾರಾವಾಹಿ 'ಡಾಕ್ಟರ್ ಹೂ'ನ ಹಳೇ ಕಂತುಗಳನ್ನು ಅಳಿಸಿ ಹಾಕಿತ್ತು. ಆಮೇಲೆ ಜನರನ್ನು ಕೇಳಿತು. ಒಂದೊಂದೇ ವಾಪಸ್ ಬಂದವು, ಕೆಲವು ನೈಜೀರಿಯಾದಲ್ಲಿ ಸಿಕ್ಕಿದ್ದು 2013ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಮೇರಿಯನ್ ಸ್ಟೋಕ್ಸ್ ಅನ್ನುವ ಮಹಿಳೆ ಮನೆಯಲ್ಲೇ ಕೂತು 2012ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಟಿವಿ ವಾರ್ತೆ ರೆಕಾರ್ಡ್ ಮಾಡುತ್ತಾ ಹೋದರು. ಹತ್ತಾರು ಸಾವಿರ ಕ್ಯಾಸೆಟ್. ಕೇಂದ್ರದಲ್ಲಿ ಇಲ್ಲದ್ದು ಮನೆಯಲ್ಲಿ ಇರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಟೇಪ್ ಇಲ್ಲದಿದ್ದರೂ ಕಾಗದ ಇರುತ್ತದೆ. ಮೂರು ತಿಂಗಳಿಗೊಮ್ಮೆ ಮಾಡುವ ಫಿಕ್ಸೆಡ್ ಪಾಯಿಂಟ್ ಚಾರ್ಟ್ ಅನ್ನುವ ಕಾರ್ಯಕ್ರಮಗಳ ವೇಳಾಪಟ್ಟಿ, ದಿನದ ಕ್ಯೂ ಶೀಟ್, ಡ್ಯೂಟಿ ರೂಮಿನ ಲಾಗ್ ಬುಕ್, ಎಷ್ಟು ಗಂಟೆಗೆ ಏನು ಹೋಯಿತು, ಎಲ್ಲಿ ತಡೆಯಾಯಿತು ಅಂತ ಬರೆದಿಟ್ಟದ್ದು. ಆಗಿನ ಪತ್ರಿಕೆಗಳು ದಿನಾ ಟಿವಿ ಕಾರ್ಯಕ್ರಮದ ಪಟ್ಟಿ ಹಾಕುತ್ತಿದ್ದವು. ಇವನ್ನು ಇಟ್ಟುಕೊಂಡು ಯಾವುದಾದರೂ ಒಂದು ದಿನವನ್ನು ನಿಮಿಷ ನಿಮಿಷಕ್ಕೂ ಜೋಡಿಸಬಹುದು. ಉಳಿದ ತುಂಡುಗಳನ್ನು ಅವುಗಳ ಜಾಗದಲ್ಲಿ ಹಾಕಿ, ಸಿಗದ ಜಾಗವನ್ನು ಅಷ್ಟೇ ಹೊತ್ತು ಖಾಲಿ ಬಿಡಿ. 'ರುಕಾವಟ್ ಕೇ ಲಿಯೇ ಖೇದ್ ಹೈ', ಅಂದರೆ ಅಡಚಣೆಗೆ ವಿಷಾದಿಸುತ್ತೇವೆ, ಅನ್ನುವ ಫಲಕದ ಮುಂದೆ ಕಾದು ಕೂತ ಜನ ನಾವು. ಖಾಲಿ ಪರದೆಯ ಮುಂದೆ ಕೂರುವ ತಾಳ್ಮೆ ನಮಗೆ ಇದೆ.

ದಿನ ಆರಿಸುವಾಗ ದಯವಿಟ್ಟು ರಾಜ್ಯೋತ್ಸವ, ಸ್ವಾತಂತ್ರ್ಯ ದಿನ ಆರಿಸಬೇಡಿ. 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡಾಗಿನ ಪ್ರಸಾರದಂಥದ್ದು ಹೇಗೂ ಉಳಿದಿರುತ್ತದೆ, ಅದನ್ನು ಯಾರೂ ಅಳಿಸುವುದಿಲ್ಲ. ಸುಮ್ನೆ ಒಂದು ಮಂಗಳವಾರ ಸಾಕು. ಏನೂ ನಡೆಯದ ದಿನ.

ಕಾನೂನಿನ ಮಾತೂ ಸ್ವಲ್ಪ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರಸಾರದ ಮೇಲೆ ಪ್ರಸಾರಕರಿಗೆ ಇರುವ ವಿಶೇಷ ಹಕ್ಕು 25 ವರ್ಷ. 80ರ ದಶಕದ ಪ್ರಸಾರಕ್ಕೆ ಆ ಅವಧಿ ಮುಗಿದಿದೆ. ಒಳಗಿನ ಸಿನಿಮಾ, ಹಾಡುಗಳ ಹಕ್ಕು ಬೇರೆ, ಅದು 60 ವರ್ಷ, ಅವುಗಳ ಒಡೆಯರ ಒಪ್ಪಿಗೆ ಬೇಕಾಗುತ್ತದೆ ಅನ್ನುವುದು ಗೊತ್ತು. ಚಿತ್ರಮಂಜರಿಯ ಹೊತ್ತಿನಲ್ಲಿ ತೊಡಕಾದರೆ ಆ ಹಾಡುಗಳ ಹೆಸರು ಮಾತ್ರ ತೋರಿಸಿ ಮುಂದೆ ಹೋಗಿ. ಆದರೆ ನಿಮ್ಮದೇ ವಾರ್ತೆ, ನಿಮ್ಮದೇ ಉದ್ಘೋಷಣೆ, ನಿಮ್ಮದೇ ಕೃಷಿ ಕಾರ್ಯಕ್ರಮಕ್ಕೆ ಯಾರ ಅಪ್ಪಣೆ ಬೇಕು? ಮತ್ತೆ ಒಂದು ಮುಖ್ಯ ವಿಷಯ. ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡವರು ಕೇಸು ಗೀಸು ಆದೀತು ಅಂತ ಹೆದರಿ ಕ್ಯಾಸೆಟ್ ಹೊರಗೆ ತೆಗೆಯುವುದಿಲ್ಲ. ಹಳೇ ರೆಕಾರ್ಡಿಂಗ್ ತಂದುಕೊಟ್ಟವರ ಮೇಲೆ ಯಾವ ಕ್ರಮವೂ ಇಲ್ಲ, ಕಾಪಿ ಮಾಡಿಕೊಂಡು ಕ್ಯಾಸೆಟ್ ವಾಪಸ್ ಕೊಡುತ್ತೇವೆ ಅಂತ ನೀವು ಲಿಖಿತವಾಗಿ ಒಂದು ಮಾತು ಹೇಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಜನ ನೋಡುತ್ತಾರಾ ಅನ್ನುವ ಅನುಮಾನ ನಿಮಗೆ ಇರಲಾರದು. 2020ರ ಲಾಕ್‌ಡೌನ್‌ನಲ್ಲಿ ರಾಮಾಯಣ ಮತ್ತೆ ಹಾಕಿದಾಗ ದೇಶವೇ ನೋಡಿತು. ಯೂಟ್ಯೂಬಿನಲ್ಲಿ ನಿಮ್ಮ ಆರ್ಕೈವ್ಸ್ ಚಾನೆಲ್ ಇದೆ, 2024ರಲ್ಲಿ ವೇವ್ಸ್ ಅಂತ ಆ್ಯಪ್ ಕೂಡ ತಂದಿರಿ. ಹಾಕಲು ಜಾಗ ಇದೆ. 2022ರ ಹೊತ್ತಿಗೆ ನೆಲದ ಮೇಲಿನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುತೇಕ ಎಲ್ಲ ಕಡೆ ನಿಲ್ಲಿಸಿಬಿಟ್ಟಿರಿ. ತಂತ್ರಜ್ಞಾನ ಬದಲಾಗಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕೇಂದ್ರಗಳಲ್ಲಿ ಪಾಳಿ ಮಾಡಿದ ಎಂಜಿನಿಯರುಗಳು, ಟೆಕ್ನಿಷಿಯನ್‌ಗಳು, ಮಳೆಗಾಲದ ನಡುರಾತ್ರಿ ಟವರ್ ಹತ್ತಿದವರು ಈಗ ನಿವೃತ್ತರು, ಹಲವರಿಗೆ ಎಪ್ಪತ್ತು ದಾಟಿದೆ. ಅವರ ಮಾತು ರೆಕಾರ್ಡ್ ಮಾಡಿ. ಇದಕ್ಕೆ ಮೈಕು ಒಂದು, ಕುರ್ಚಿ ಎರಡು ಸಾಕು. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಎಷ್ಟೋ ವರ್ಷಗಳಿಂದ ನಮ್ಮ ಪಾಡ್ದನ, ಯಕ್ಷಗಾನ, ಭೂತಾರಾಧನೆಯ ದಾಖಲೆ ಇಟ್ಟುಕೊಂಡು ಬಂದಿದೆ. ದಾಖಲೆ ಕಾಪಾಡುವುದು ನಮ್ಮ ಊರಿಗೆ ಹೊಸದಲ್ಲ. ಕೈಜೋಡಿಸುವವರು ಇಲ್ಲೇ ಸಿಗುತ್ತಾರೆ.

ಈಗ ನಮ್ಮ ಊರಿನವರಿಗೆ.

ಗಲ್ಫಿಗೆ ಹೋದವರ ದೆಸೆಯಿಂದ ನಮ್ಮ ಕಡೆ ವಿಸಿಆರ್ ಬೇಗ ಬಂತು. ಶಾರ್ಪೋ ನ್ಯಾಷನಲ್ಲೋ ಪೆಟ್ಟಿಗೆಯಲ್ಲಿ ಕಂಬಳಿ ಸುತ್ತಿ ತಂದದ್ದು ಎಷ್ಟು ಮನೆಯಲ್ಲಿಲ್ಲ! ಹಾಗಾಗಿ ಆ ಕಾಲದ ಕನ್ನಡ ಟಿವಿ ಎಲ್ಲಾದರೂ ಉಳಿದಿದ್ದರೆ, ನಮ್ಮ ಕರಾವಳಿಯ ಅಟ್ಟಗಳಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು ಅಂತ ನಾನು ನಂಬಿದ್ದೇನೆ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಟೇಪಿಗೆ ನಮ್ಮ ಮಳೆಗಾಲಕ್ಕಿಂತ ದೊಡ್ಡ ಶತ್ರು ಇಲ್ಲ.

ಕ್ಯಾಸೆಟ್ ಸಿಕ್ಕರೆ ತಕ್ಷಣ ಮಿಷನ್‌ಗೆ ಹಾಕಬೇಡಿ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬೂದಿ ಉದುರಿಸಿದ ಹಾಗೆ ಬಿಳಿ ಕಂಡರೆ ಅದು ಬೂಷ್ಟು. ಅದನ್ನು ಓಡಿಸಿದರೆ ಮಿಷನ್ನಿನಲ್ಲಿ ಟೇಪ್ ಓದುವ ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ನೀವು ಆಮೇಲೆ ಹಾಕುವ ಎಲ್ಲ ಕ್ಯಾಸೆಟ್‌ಗೂ ಹತ್ತುತ್ತದೆ. ಟೇಪ್ ಜಿಗುಟಾಗಿದ್ದರೆ ಓಡುವಾಗ ಅದರ ಮೇಲಿನ ಲೇಪವೇ ಕಿತ್ತು ಬರುತ್ತದೆ, ಒಮ್ಮೆ ಹೋದ ಚಿತ್ರ ಮತ್ತೆ ಬರುವುದಿಲ್ಲ. ಆಮೇಲೆ ಬೆನ್ನಿನ ಕಡೆ ಮೂಲೆ ನೋಡಿ. ಅಲ್ಲೊಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದಿದ್ದರೆ, ಇದರ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡಬಾರದು ಅಂತ ಆಗ ಯಾರೋ ತೀರ್ಮಾನ ಮಾಡಿದ್ದರು ಅಂತ ಅರ್ಥ. ಮುರಿದ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿದ್ದರೆ, ಆ ತೀರ್ಮಾನವನ್ನು ಆಮೇಲೆ ಯಾರೋ ಬದಲಾಯಿಸಿದ್ದಾರೆ. ಅಂಥ ಕ್ಯಾಸೆಟ್‌ನ ಕೊನೆಯನ್ನು ಬಿಡದೆ ನೋಡಿಸಿ. ಮೇಲೆ 'ಮದುವೆ' ಅಂತ ಬರೆದಿದ್ದರೂ ಬಿಸಾಡಬೇಡಿ, 'ಖಾಲಿ' ಅಂತ ಬರೆದಿದ್ದರೂ ಬಿಸಾಡಬೇಡಿ. ರೆಕಾರ್ಡ್ ಮಾಡಿದವರು ಮನೆಯಲ್ಲಿ ಇನ್ನೂ ಇದ್ದರೆ ಯಾವ ವರ್ಷ, ಯಾವ ಊರಿನ ಆಂಟೆನಾ ಅಂತ ಕೇಳಿ ಚೀಟಿಯಲ್ಲಿ ಬರೆದು ಒಳಗಿಡಿ.

ಹೊತ್ತು ಜಾಸ್ತಿ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿತು. ನಾವು ಈಗ ಓಡಿಸುತ್ತಿರುವುದೆಲ್ಲ ಹಳೇ ಮಿಷನ್, ಒಂದು ಕೆಟ್ಟರೆ ಇನ್ನೊಂದರ ಭಾಗ ಕಿತ್ತು ಹಾಕುತ್ತೇವೆ. ಹೆಡ್ ಸವೆದರೆ ಹೊಸದು ಸಿಗುವುದಿಲ್ಲ. ರಿಪೇರಿ ಗೊತ್ತಿರುವವರು ಉಡುಪಿ, ಮಂಗಳೂರು ಸೇರಿಸಿ ಬೆರಳೆಣಿಕೆಯಷ್ಟು ಜನ.

ಅಧಿಕಾರಿಗಳೇ, ದಿನ ಸಿಗುವವರೆಗೆ ಕಾಯುವುದು ಬೇಡ. ಬೆಂಗಳೂರು ಕೇಂದ್ರದಲ್ಲಿ 1981ರಿಂದ 1995ರವರೆಗಿನ ಯಾವ ಯಾವ ಟೇಪ್ ಇದೆ, ಯಾವ ಲಾಗ್ ಬುಕ್ ಉಳಿದಿದೆ ಅನ್ನುವ ಪಟ್ಟಿಯನ್ನು ಮೊದಲು ಪ್ರಕಟಿಸಿ, ಕನ್ನಡದಲ್ಲಿ, ತಾರೀಖಿನ ಪ್ರಕಾರ. ಆ ಪಟ್ಟಿ ಕೈಗೆ ಸಿಕ್ಕರೆ ನಮ್ಮ ಕ್ಯಾಸೆಟ್‌ಗಳ ತುಂಡುಗಳು ಯಾವ ದಿನದವು ಅಂತ ನಾವೇ ಹೊಂದಿಸಿ ನೋಡಬಹುದು. ಕಾಪು ಮನೆಯವರು ತಮ್ಮ ಕ್ಯಾಸೆಟ್ ಕೊಡಲು ಒಪ್ಪಿದ್ದಾರೆ, ಲಿಖಿತ ಭರವಸೆ ಬಂದರೆ ಮಾತ್ರ. ಅದನ್ನು ಬೆಂಗಳೂರಿಗೆ ನಾನೇ ತರುತ್ತೇನೆ. ಅಂಚೆಯಲ್ಲಿ ಕಳಿಸುವ ವಸ್ತು ಅಲ್ಲ ಅದು. ಮಳೆಗಾಲ ಹಿಡಿಯುವುದಕ್ಕೆ ಮುಂಚೆ, ಮೇ ತಿಂಗಳೊಳಗೆ ಉತ್ತರ ಬಂದರೆ ಒಳ್ಳೆಯದು.

ಇಂತಿ,
ಉಡುಪಿಯಿಂದ, ಹಳೇ ಕ್ಯಾಸೆಟ್ ಕೆಲಸದವನು